ಒಲಿಂದಾಳಿಗೆ ತಪ್ಪಿದ ಒಂದು ಗಂಟೆ

ತಿಮೋರ್ ದ್ವೀಪದ ಗಡಿಯೂರು ಅತಂಬುವಾದ ಪ್ರಾಥಮಿಕ ಶಾಲೆಯಲ್ಲಿ ಒಲಿಂದಾ ಹದಿನೆಂಟು ವರ್ಷಗಳಿಂದ ಮಕ್ಕಳಿಗೆ ಜಗತ್ತಿನ ಗಡಿಯಾರ ಕಲಿಸುತ್ತಿದ್ದಳು. ಚಕ್ಕೋತದ ಹಣ್ಣೊಂದನ್ನು ಮೇಜಿನ ಮೇಲಿಟ್ಟು, ಸಿಪ್ಪೆಯ ಮೇಲೆ ಇಪ್ಪತ್ನಾಲ್ಕು ಗೀಟು ಎಳೆಯುವಳು. ಇಂಗ್ಲೆಂಡಿನ ಗ್ರೀನ್‌ವಿಚ್‌ನಿಂದ ಎಣಿಸುತ್ತ ಪೂರ್ವಕ್ಕೆ ಬಂದರೆ ನಾವಿರುವುದು ಎಂಟನೆಯ ಮನೆ, ಗಡಿಯಾಚೆಯ ಪೂರ್ವ ತಿಮೋರಿನವರದು ಒಂಬತ್ತನೆಯದು. ನಮ್ಮದು ಎರಡು ಗಂಟೆಯಾದರೆ ಅವರದು ಮೂರು. ಪಾಠ ಮುಗಿದ ಮೇಲೆ ಹಣ್ಣು ಸುಲಿದು ಹಂಚುತ್ತಿದ್ದುದರಿಂದ ಈ ಪಾಠ ಮರೆತ ಮಗುವೇ ಇರಲಿಲ್ಲ. ದ್ವೀಪ ಒಂದೇ, ಬಿಸಿಲೂ ಒಂದೇ, ಗಡಿಯಾರ ಮಾತ್ರ ಎರಡು. ದೊಡ್ಡವರು ಕಚ್ಚಾಡಿ ಬೇರೆಯಾದ ಮೇಲೆ ಗಡಿಯಾರಗಳಾದರೂ ಯಾಕೆ ಒಟ್ಟಿಗಿರಬೇಕು?

ಅವಳ ತವರು ಆಚೆಗಿತ್ತು. ಇಪ್ಪತ್ತೈದು ವರ್ಷದ ಹಿಂದೆ, ಆಚೆಯವರು ಬೇರೆ ದೇಶ ಬೇಕೆಂದು ಮತ ಹಾಕಿದ್ದಕ್ಕೆ ಮನೆಗಳು ಹತ್ತಿ ಉರಿದ ಆ ಸೆಪ್ಟೆಂಬರಿನಲ್ಲಿ, ಬೆಂಕಿ ಹಚ್ಚಿದವರ ಗುಂಪಿನಲ್ಲಿ ಅವಳ ಗಂಡನೂ ಇದ್ದ. ಅವನ ಹಿಂದೆ ಲಾರಿ ಹತ್ತಿ ಈಚೆ ಬಂದವಳು ಆಮೇಲೆ ವಿಧವೆಯಾದಳು, ಟೀಚರಾದಳು, ಕೂದಲು ಬೆಳ್ಳಗಾಯಿತು. ಅಣ್ಣ ಜೆಫೆರಿನೊ ಮಾತ್ರ ಅವಳೊಂದಿಗೆ ಮಾತು ಬಿಟ್ಟವನು ಬಿಟ್ಟೇ ಇದ್ದ. ಅಂಥವನು ಒಂದು ಸಂಜೆ ತಾನಾಗಿಯೇ ಫೋನು ಮಾಡಿದ. ಅಮ್ಮ ಹೋಗಿಬಿಟ್ಟಳು ಎಂದ. ನಾಳೆ ಮೂರು ಗಂಟೆಗೆ ಶವದ ಪೆಟ್ಟಿಗೆಗೆ ಮೊಳೆ ಹೊಡೆಯುವುದು ಎಂದ.

"ನಿಮ್ಮ ಮೂರಾ, ನಮ್ಮ ಮೂರಾ ಅಣ್ಣ?"

"ನಿಮ್ದೇ. ನಮಗೆ ನಾಲ್ಕಾಗಿರತ್ತೆ. ನಿನಗೋಸ್ಕರಾನೇ ಲೆಕ್ಕ ಹಾಕಿ ಹೇಳ್ತಿದೀನಿ."

ಎಷ್ಟು ಮೆತ್ತಗೆ ಹೇಳಿದ! ತಾಯಿ ಸತ್ತ ಸಂಕಟದ ನಡುವೆಯೂ ಅಣ್ಣನ ದನಿ ಕೇಳಿ ಅವಳ ಎದೆ ತಂಪಾಯಿತು. ಪೆದ್ದಿ, ಇನ್ನೇನು ಹೇಳಲಿ. ಮಕ್ಕಳಿಗೆ ಲೆಕ್ಕ ಕಲಿಸುವವಳಿಗೆ ಮನುಷ್ಯರ ಲೆಕ್ಕ ಬರುತ್ತಿರಲಿಲ್ಲ.

ಅಮ್ಮನ ಮುಖವನ್ನು ಒಮ್ಮೆ ನೋಡಬೇಕು, ತಾನೇ ನೇಯ್ದ ತಾಯಿಸ್ ಬಟ್ಟೆಯನ್ನು ಅವಳಿಗೆ ಹೊದಿಸಬೇಕು. ಒಲಿಂದಾಳಿಗೆ ಬೇಕಾದ್ದು ಇಷ್ಟೇ. ಬೆಳಿಗ್ಗೆ ಹತ್ತಕ್ಕೆ ಗಡಿ ದಾಟುವ ಪಾಸು ಕೈಗೆ ಬಂತು. ಹೊರಡಬಹುದಿತ್ತು. ಆದರೆ ಬಟ್ಟೆಯ ಅಂಚಿಗೆ ಕುಚ್ಚು ಕಟ್ಟಿರಲಿಲ್ಲ. ಕುಚ್ಚಿಲ್ಲದ ತಾಯಿಸ್ ಹೊದ್ದು ಹೋದವರನ್ನು ಆಚೆ ಲೋಕದ ಹಿರಿಯರು ಗುರುತಿಸುವುದಿಲ್ಲವೆಂದು ಅಮ್ಮನೇ ಹೇಳುತ್ತಿದ್ದಳು. ಇನ್ನೂ ಹೊತ್ತಿದೆಯಲ್ಲ ಎಂದು ಒಲಿಂದಾ ಜಗಲಿಯಲ್ಲಿ ಕೂತು ಒಂದು ಗಂಟೆ ಕುಚ್ಚು ಕಟ್ಟಿದಳು. ಒಂದೊಂದು ಗಂಟಿಗೂ ಒಂದೊಂದು ಪ್ರಾರ್ಥನೆ ಹೇಳಿದಳು. ಆಮೇಲೆ ಬೈಕಿನವನನ್ನು ಹಿಡಿದು ಗಡಿಗೆ ಹೋದಳು, ಸಾಲಿನಲ್ಲಿ ನಿಂತಳು, ಆಚೆ ವ್ಯಾನು ಹತ್ತಿದಳು. ತವರಿನ ಅಂಗಳಕ್ಕೆ ಕಾಲಿಟ್ಟಾಗ ಅವಳ ಕೈಗಡಿಯಾರದಲ್ಲಿ ಎರಡೂವರೆ.

ಪೆಟ್ಟಿಗೆ ಮುಚ್ಚಿತ್ತು.

ಮೊಳೆ ಹೊಡೆದು ಅರ್ಧ ಗಂಟೆಯಾಗಿತ್ತು. ಆ ಕಡೆಯ ಮನೆಗಳಲ್ಲಿ ಮೊದಲ ಮೊಳೆ ಹೊಡೆಯುವ ಹಕ್ಕು ಸತ್ತವಳ ಅಣ್ಣ ತಮ್ಮಂದಿರದು. ಅವರು ಹೊಡೆದ ಮೊಳೆಯನ್ನು ಯಾರೂ ಕೀಳುವಂತಿಲ್ಲ, ಕಿತ್ತರೆ ಮನೆಯಲ್ಲಿ ಇನ್ನೊಂದು ಹೆಣ ಬೀಳುತ್ತದೆ. ಹೊಡೆದವನು ಸೋದರಮಾವ ಬಸೀಲಿಯೊ. ಮಗಳು ಬರಲಿ ತಾಳು ಎಂದು ಮುದುಕ ಎರಡು ಸಲ ಹೇಳಿದ್ದನಂತೆ. ಅವಳು ಬರೋಲ್ಲ ಅಂತ ಫೋನಿನಲ್ಲೇ ಹೇಳಿಬಿಟ್ಟಳು ಎಂದು ಜೆಫೆರಿನೊ ಎಲ್ಲರೆದುರು ಹೇಳಿದ್ದನಂತೆ. ಈಗ ಅದೇ ಜನ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಮಕ್ಕಳೇ, ಬನ್ನಿ ಇಲ್ಲಿ," ಎಂದ ಜೆಫೆರಿನೊ. "ನಿಮ್ಮತ್ತೆ ಟೀಚರಮ್ಮ. ಹೆತ್ತ ತಾಯಿ ಸಾವಿಗೆ ತಡವಾಗಿ ಬರೋದು ಹೇಗೆ ಅಂತ ಪಾಠ ಮಾಡ್ತಾಳೆ, ಕೇಳ್ಕೊಳ್ಳಿ."

ಯಾರೋ ಕಿಸಕ್ಕೆಂದರು. ಎಲ್ಲೋ ಲೆಕ್ಕ ತಪ್ಪಿದೆ, ತಿಳಿಸಿ ಹೇಳಿದರೆ ಸರಿಹೋಗುತ್ತದೆ ಎಂದು ಒಲಿಂದಾ ನಂಬಿದಳು. ಪೆಟ್ಟಿಗೆಯ ತಲೆಯ ಬಳಿ ಉರಿಯುತ್ತಿದ್ದ ಮೇಣದಬತ್ತಿಯನ್ನು ಸೂರ್ಯನೆಂದಳು. ಅಲ್ಲಿದ್ದ ತೆಂಗಿನಕಾಯಿಯೊಂದನ್ನು ಭೂಮಿಯೆಂದು ತಿರುಗಿಸಿದಳು. ಗ್ರೀನ್‌ವಿಚ್‌ನಿಂದ ಎಣಿಸುತ್ತ ಎಂಟಕ್ಕೆ ಬಂದಳು, ಒಂಬತ್ತಕ್ಕೆ ಬಂದಳು. ನಮ್ಮದು ಎರಡಾದಾಗ ನಿಮ್ಮದು ಮೂರು ಎಂದಳು. ಮಕ್ಕಳು ಕಣ್ಣು ಬಿಟ್ಟುಕೊಂಡು ಕೇಳಿದರು. ಅಷ್ಟು ಚೆನ್ನಾಗಿ ಅವಳು ಎಂದೂ ಪಾಠ ಮಾಡಿರಲಿಲ್ಲ.

ಜೆಫೆರಿನೊನ ಹತ್ತು ವರ್ಷದ ಮಗಳು ಇದಾಲಿಯಾ ಬೆರಳು ಮಡಚಿ ಎಣಿಸುತ್ತಿದ್ದಳು.

"ಅತ್ತೆ, ಹಾಗಾದ್ರೆ ಅಪ್ಪ ನಿಮಗೆ ಎರಡು ಅನ್ನಬೇಕಿತ್ತು. ನಮಗೆಲ್ಲ ಮೂರು ಅಂದಿದ್ರು. ಫೋನಲ್ಲಿ ನಿಮಗೆ, ನಿಮ್ದೇ ಮೂರು, ನಮಗೆ ನಾಲ್ಕು ಅಂದ್ರು. ನಾನು ಅಲ್ಲೇ ಇದ್ದೆ."

ಬಸೀಲಿಯೊ ತನ್ನ ಬಲಗೈಯನ್ನೇ ನೋಡುತ್ತ ಕೂತ. ಜೆಫೆರಿನೊ ನಾಚಲೂ ಇಲ್ಲ, ಹೆದರಲೂ ಇಲ್ಲ.

"ಮಗು ಲೆಕ್ಕ ಸರಿಯಾಗಿದೆ," ಎಂದ. "ಆ ಬೆಂಕಿ ದಿನಗಳಲ್ಲಿ ಅಪ್ಪ ಸತ್ತಾಗ ಹೆಣ ಎರಡು ದಿನ ಇಟ್ಕೊಂಡು ನಿನ್ನ ದಾರಿ ಕಾದೆ. ಊರಲ್ಲಿ ಹೊಗೆ, ಮನೇಲಿ ನಾತ. ಎರಡು ದಿನ. ನಿನಗೆ ನಾನು ಕೊಟ್ಟಿದ್ದು ಒಂದೇ ಗಂಟೆ."

ಆಗ ಗಡಿಯಲ್ಲಿ ಬಂದೂಕು ಹಿಡಿದು ನಿಂತಿದ್ದರು, ಬರಲಾಗಲಿಲ್ಲ ಎಂದು ಅವಳು ಹೇಳಬಹುದಿತ್ತು. ಬದಲಿಗೆ ಮಾವನ ಕಾಲು ಹಿಡಿದು ಒಂದೇ ಒಂದು ಮೊಳೆ ಸಡಿಲಿಸು, ಹಣೆಯಷ್ಟೇ ಕಾಣಲಿ ಎಂದು ಬೇಡಿದಳು. ಮುದುಕ ಅತ್ತ, ಆದರೆ ಆಗದೆಂದು ತಲೆಯಾಡಿಸಿದ. ಮೊಮ್ಮಕ್ಕಳಿರುವ ಮನೆ ಕಣಮ್ಮ ಎಂದ. ತಾಯಿಸನ್ನು ಮುಚ್ಚಳದ ಮೇಲೆ ಹಾಸಿದಳು. ಜೆಫೆರಿನೊ ಅದನ್ನು ತೆಗೆದು, ಅಚ್ಚುಕಟ್ಟಾಗಿ ಮಡಚಿ, ಅವಳ ಕೈಗೇ ಕೊಟ್ಟ.

ಹೊರುವವರು ಹಗ್ಗ ಬಿಗಿಯತೊಡಗಿದರು. ಒಲಿಂದಾ ಇದಾಲಿಯಾಳ ಮುಂದೆ ಮಂಡಿಯೂರಿ ಕೂತು ಅವಳ ಎರಡೂ ಕೈ ಹಿಡಿದಳು.

"ನೀನು ನೋಡಿದೀಯಲ್ಲ ಪುಟ್ಟಿ. ಅಜ್ಜಿ ಮುಖ ಹೇಗಿತ್ತು, ಹೇಳು."

ಹುಡುಗಿ ಬಾಯಿ ತೆರೆದಳು.

"ಹೇಳಿದ್ರೆ ನೀನೂ ಅವಳ ಜೊತೆ ಆ ಕಡೆಗೇ ಹೋಗು," ಎಂದ ಜೆಫೆರಿನೊ. "ಈ ಮನೆಗೆ ಬರಬೇಡ."

ಇದಾಲಿಯಾ ಅತ್ತೆಯ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಮೆಲ್ಲಗೆ ಕೈ ಬಿಡಿಸಿಕೊಂಡು, ಬಾಯಿ ಮುಚ್ಚಿಕೊಂಡು, ಅಪ್ಪನ ಬೆನ್ನ ಹಿಂದೆ ಹೋಗಿ ನಿಂತಳು.