ಮಾವನ ಗಟ್ಟಿ ಆಯಿಲ್

ಆ ಚಳಿಗಾಲದಲ್ಲಿ ತಿರೇಲೊನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕಾಂಗ್ ಊರಿನ ಮರಳಿನಲ್ಲಿ ಮಿಕ್ಕವರೆಲ್ಲ ಕಾಲೆಳೆದುಕೊಂಡು ನಡೆದರೆ ಅವನೊಬ್ಬ ಕುಪ್ಪಳಿಸುತ್ತಿದ್ದ. ಮೇಕೆ ಎಣಿಸಲು ಹೋದವನು ನಡುವೆ ಒರಾತಿಲೆಯ ನೆನಪಾಗಿ ನಕ್ಕು, ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. "ಬೇಗ ಇವನಿಗೊಂದು ಮದುವೆ ಮಾಡ್ಸಿ, ಇಲ್ದಿದ್ರೆ ಮೇಕೆಗಳೇ ಇವನನ್ನ ಎಣ್ಸೋಕೆ ಶುರು ಮಾಡ್ತವೆ," ಎಂದು ಅವನ ಅವ್ವ ಬೇಲಿಯಾಚೆಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಇಷ್ಟು ಹಾರಾಡಲು ಅವನಿಗೆ ಎರಡು ಕಾರಣಗಳಿದ್ದವು. ಹುಕುಂತ್ಸಿ ಊರಿನ ಒರಾತಿಲೆ ಅವನನ್ನು ಒಪ್ಪಿದ್ದಳು. ಅಂಗಳದಲ್ಲಿ ಬಿಳಿಯ ಹೊಸ ಪಿಕಪ್ ನಿಂತಿತ್ತು. ಎರಡರಲ್ಲಿ ಯಾವುದನ್ನು ಹೆಚ್ಚು ಹೊತ್ತು ನೋಡುತ್ತಾನೆ ಎಂದು ಕೇಳಿದರೆ ಉತ್ತರ ಹೇಳಲು ಅವನಿಗೆ ಸಂಕೋಚವಾಗುತ್ತಿತ್ತು. ಒರಾತಿಲೆ ದೂರದಲ್ಲಿದ್ದಳು, ಪಿಕಪ್ ಕಣ್ಣೆದುರೇ ಇತ್ತು, ಅವನದೇನು ತಪ್ಪು?

ಇನ್ನು ಉಳಿದದ್ದು ಹೆಣ್ಣು ಕೇಳುವ ಶಾಸ್ತ್ರ. ಅದರಲ್ಲಿ ಹುಡುಗನಿಗೆ ಏನೂ ಕೆಲಸವಿಲ್ಲ, ಮದುವೆಯಾಗದವನು ಅಲ್ಲಿಗೆ ಕಾಲಿಡುವಂತೆಯೇ ಇಲ್ಲ. ಮದುವೆಯಾದ ಗಂಡಸರು ಕೋಟು ತೊಟ್ಟು, ಹೆಂಗಸರು ಕಂಬಳಿ ಹೊದ್ದು, ಸೂರ್ಯ ಹುಟ್ಟುವ ಮೊದಲೇ ಹುಡುಗಿಯ ಮನೆಯ ಬೇಲಿಯ ಹೊರಗೆ ಹೋಗಿ ನೆಲದ ಮೇಲೆ ಕೂರಬೇಕು. ಮಾತಾಡಬೇಕಾದವನು ಹುಡುಗನ ಸೋದರಮಾವ. ಅವನಿಲ್ಲದೆ ಹೋದರೆ ಕೇಳುವ ಬಾಯಿಯೇ ಇಲ್ಲದಂತೆ. ಒರಾತಿಲೆಯ ಮನೆಯವರಂತೂ ಇದರಲ್ಲಿ ಬಲು ಬಿಗಿ. ಹಿಂದಿನ ವರ್ಷ ಅವಳ ಅಕ್ಕನನ್ನು ಕೇಳಲು ಹೊರಟವರ ಗಾಡಿ ದಾರಿಯಲ್ಲಿ ಪಂಕ್ಚರಾಗಿ, ಬಿಸಿಲು ಬೇಲಿ ಮುಟ್ಟಿದ ಮೇಲೆ ತಲುಪಿದ್ದರು. ಅವರಿಗೆ ಟೀ ಕೊಟ್ಟರು, ಎಣ್ಣೆಯಲ್ಲಿ ಕರಿದ ಬಿಸಿಬಿಸಿ ಮಗ್ವಿನ್ಯ ಕೊಟ್ಟರು, "ಮುಂದಿನ ಚಳಿಗಾಲಕ್ಕೆ ಬನ್ನಿ" ಎಂದು ನಗುನಗುತ್ತಲೇ ಕಳಿಸಿದರು. ಮುಂದಿನ ಚಳಿಗಾಲದವರೆಗೆ ತಾನು ಬದುಕಿರುವುದು ತಿರೇಲೊನಿಗೆ ಅನುಮಾನವಿತ್ತು.

ತಿರೇಲೊನ ಮನೆತನದಲ್ಲಿ ಇನ್ನೊಂದು ಪದ್ಧತಿ. ಸೋದರಳಿಯನ ಕೈಗೆ ಹೊಸದೇನು ಬಂದರೂ ಅದರ ಮೊದಲ ಮರ್ಯಾದೆ ಮಾವನದು. ಮೊದಲ ಸಂಬಳದಲ್ಲಿ ಮಾವನಿಗೆ ಕಂಬಳಿ, ಮೊದಲು ಕೊಯ್ದ ಮೇಕೆಯ ತಲೆ ಮಾವನ ತಟ್ಟೆಗೆ. ಹಾಗಾಗಿ ಹೊಸ ಪಿಕಪ್ಪಿನ ಮೊದಲ ಆಯಿಲ್ ಬದಲಾಯಿಸುವ ಹೊತ್ತು ಬಂದಾಗ ಬರೂಟಿ ಮಾವ ಹೇಳಿಕಳಿಸದೆಯೇ ಬಂದ. ತಲೆಯ ಮೇಲೆ ಹ್ಯಾಟು, ಕಂಕುಳಲ್ಲಿ ಐದು ಲೀಟರಿನ ಡಬ್ಬ, ಹಿಂದೆ ಹೆಂಡತಿ ಸೆಗಮೆತ್ಸಿ.

"ತಗೋ ಅಳಿಯ," ಎಂದು ಮಾವ ಡಬ್ಬವನ್ನು ಬಾನೆಟ್ಟಿನ ಮೇಲೆ ಕೂರಿಸಿದ. "ಇಪ್ಪತ್ತು-ಐವತ್ತು! ಇದಕ್ಕಿಂತ ಗಟ್ಟಿದು ಅಂಗಡೀಲಿ ಇರ್ಲಿಲ್ಲ. ಇದ್ದಿದ್ರೆ ಅದನ್ನೇ ತರ್ತಿದ್ದೆ."

ತಿರೇಲೊನ ಮುಖ ಇಳಿಯಿತು. "ಮಾವ, ಬೇಜಾರು ಮಾಡ್ಕೋಬೇಡಿ. ಇದಕ್ಕೆ ಐದು-ಮೂವತ್ತು ಹಾಕ್ಬೇಕು. ಗಾಡಿ ಜೊತೆ ಬಂದ ಪುಸ್ತಕದಲ್ಲಿ ಬರೆದಿದ್ದಾರೆ."

"ಐದು-ಮೂವತ್ತಾ? ಅದು ಆಯಿಲ್ಲೋ, ಜ್ವರ ಬಂದೋರಿಗೆ ಕುಡಿಸೋ ಗಂಜಿ ತಿಳಿಯೋ? ಪುಸ್ತಕ ಬರೆದೋನು ಕಾಂಗ್‌ಗೆ ಬಂದಿದ್ನಾ? ನಮ್ಮ ಬಿಸಿಲು ನೋಡಿದ್ನಾ?"

"ಬಿಸಿಲಿಗೆ ಹಿಂದಿನ ನಂಬರು ಮಾವ, ಚಳಿಗೆ ಮುಂದಿನದು. ಮುಂದಿನದು ಕಮ್ಮಿ ಇದ್ದಷ್ಟೂ ಚಳೀಲಿ ಬೇಗ ಹರಿಯತ್ತೆ. ಬೆಳಗಿನ ಜಾವ ಇಲ್ಲಿ ಬಕೆಟ್ಟಿನ ನೀರೇ ಕಲ್ಲಾಗತ್ತೆ. ಈ ಇಂಜಿನ್ ಒಳಗಿನ ದಾರಿಗಳು ಬಲು ಸಣ್ಣ. ನಿಮ್ಮ ಆಯಿಲ್ ಎದ್ದು, ಮೈ ಮುರಿದು, ಆಕಳಿಸಿ ಮೇಲೆ ಹತ್ತೋ ಹೊತ್ತಿಗೆ ಒಳಗೆಲ್ಲ ಒಣಗಿ ಉಜ್ಕೊಳ್ಳತ್ತೆ. ಕೆಂಪು ದೀಪ ಹತ್ತತ್ತೆ, ಗಾಡಿ ತೆವಳತ್ತೆ."

"ನನ್ನ ಗಾಡೀಲಿ ಒಂದಿನ ಕೆಂಪು ದೀಪ ಹತ್ತಿದ್ದು ನೋಡಿದೀಯೇನೋ?"

"ನಿಮ್ಮ ಗಾಡೀಲಿ ದೀಪಾನೇ ಇಲ್ವಲ್ಲ ಮಾವ."

ಸೆಗಮೆತ್ಸಿ ಅತ್ತೆ ಕಂಬಳಿಯ ತುದಿಯನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಗಂಡನ ಗಾಡಿಯಲ್ಲಿ ಅರ್ಧ ಆಯುಷ್ಯ ಕಳೆದವಳಿಗೆ ಅದರ ಗುಣವೆಲ್ಲ ಗೊತ್ತಿತ್ತು. ಹೊಗೆಯುಗುಳುತ್ತ, ಕೆಮ್ಮುತ್ತ, ದಾರಿಯುದ್ದಕ್ಕೂ ಆಯಿಲ್ ಕುಡಿಯುತ್ತ ಹೋಗುವ ಆ ಮುದಿ ಗಾಡಿಗೆ ಗಟ್ಟಿ ಆಯಿಲ್ ಬಿಟ್ಟರೆ ಬೇರೆ ಗತಿಯೂ ಇರಲಿಲ್ಲ. ಹುಕುಂತ್ಸಿಯವರೆಗೆ ಅದನ್ನು ನಂಬಿ ಹೊರಡುವಷ್ಟು ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

"ಜಗಳ ಯಾಕೆ?" ಎಂದಳು ಅತ್ತೆ. "ಎರಡು ಲೋಟದಲ್ಲಿ ಎರಡನ್ನೂ ಹಾಕಿ ಕೋಳಿಗೂಡಿನ ಮೇಲಿಡಿ. ಹಿಮದಲ್ಲಿ ನೆಂದ ಮೇಲೆ ಬೆಳಿಗ್ಗೆ ಬಗ್ಗಿಸಿ ನೋಡಿ. ಯಾವುದು ಹರಿಯತ್ತೋ ಅದನ್ನ ಹಾಕಿ."

"ನನ್ನ ಆಯಿಲ್ ಏನು ಶಾಲೆ ಹುಡುಗನೇನೇ, ಪರೀಕ್ಷೆಗೆ ಕೂರೋಕೆ?" ಮಾವ ಡಬ್ಬವನ್ನು ಮತ್ತೆ ಕಂಕುಳಿಗೆ ಏರಿಸಿದ. "ನೋಡು ಅಳಿಯ, ಶುಕ್ರವಾರ ಬರ್ತೀನಿ. ಸುರಿಯೋಕೆ ಬಿಟ್ರೆ ಸುರೀತೀನಿ, ಶನಿವಾರ ಬೆಳಗಿನ ಜಾವ ನಾನೇ ಓಡಿಸ್ಕೊಂಡು ಹೋಗಿ ನಿನ್ನ ಹುಡುಗೀನ ಕೇಳ್ತೀನಿ. ನನ್ನ ಆಯಿಲ್ ಬೇಡ ಅಂದ್ರೆ ನನ್ನ ನಾಲಿಗೇನೂ ಬೇಡ ಅಂತ ತಿಳ್ಕೋತೀನಿ."

ಹೇಳಿ ಹೊರಟೇಹೋದ. ಅಷ್ಟು ಕೋಪದಲ್ಲೂ ಹೋಗುವಾಗ ಪಿಕಪ್ಪಿನ ಹೊಸ ಟೈರನ್ನು ಒಮ್ಮೆ ಮುಟ್ಟಿ ನೋಡಲು ಮರೆಯಲಿಲ್ಲ.

ತಿರೇಲೊ ಫೋನಿನಲ್ಲಿ ಒರಾತಿಲೆಯ ಮುಂದೆ ಗೋಳು ತೋಡಿಕೊಂಡ. ಗಟ್ಟಿ ಆಯಿಲ್ ಹಾಕಿದರೆ ಗಾಡಿ ಕೈಕೊಟ್ಟು ಸೂರ್ಯ ಮೊದಲು ತಲುಪುತ್ತಾನೆ, ಹಾಕದಿದ್ದರೆ ಮಾವ ಬರುವುದಿಲ್ಲ, ಎತ್ತ ಹೋದರೂ ಮದುವೆ ಮುಂದಿನ ಚಳಿಗಾಲಕ್ಕೇ. ಅವಳು ಕೇಳಿ ಕೇಳಿ ನಕ್ಕಳು. ಅವಳು ನಕ್ಕರೆ ಅವನಿಗೂ ನಗು ಬರುತ್ತಿತ್ತು, ಅಳುವುದಕ್ಕೆಂದು ಮಾಡಿದ ಫೋನು ಹೀಗೆ ಹಾಳಾಯಿತು.

"ದಡ್ಡ ಕಣೋ ನೀನು," ಎಂದಳು. "ಮಾವನಿಗೆ ಬೇಕಾಗಿರೋದು ಅವರ ಡಬ್ಬ, ಅವರ ಕೈ, ಅವರ ಭಾಷಣ. ಒಳಗೇನಿದೆ ಅಂತ ಯಾರು ನೋಡ್ತಾರೆ?"

ಡಬ್ಬ ಮಾವನದೇ ಇರಲಿ, ಒಳಗಿನ ಆಯಿಲ್ ಬದಲಿಸಿದರೆ ಸಾಕು ಎಂದು ತಿರೇಲೊನಿಗೆ ಹೊಳೆಯಿತು. ಆಮೇಲೆ ಮತ್ತೆ ಕುಪ್ಪಳಿಸತೊಡಗಿದ.

ಗುರುವಾರ ಬೆಳಿಗ್ಗೆ, ಬೇಲಿಯ ಮೇಲಿನ ಹಿಮ ಇನ್ನೂ ಬೆಳ್ಳಗಿರುವಾಗ, ಒಂದು ಖಾಲಿ ಡಬ್ಬ ಮತ್ತು ಒಂದು ಡಬ್ಬ ಐದು-ಮೂವತ್ತನ್ನು ಗೋಣಿಚೀಲದಲ್ಲಿ ಮುಚ್ಚಿಕೊಂಡು ಅವನು ಮಾವನ ಮನೆಗೆ ಹೋದ. ಮಾವ ದನಗಳಿಗೆ ನೀರು ಕುಡಿಸಲು ಬೋರ್‌ವೆಲ್ಲಿಗೆ ಹೋಗಿದ್ದ. ಬಾಗಿಲಲ್ಲೇ ಅತ್ತೆ ಸಿಕ್ಕಳು, ಚರ್ಚಿನ ಹೆಂಗಸರ ಜೊತೆ ಸೌದೆ ತರಲು ಹೊರಟಿದ್ದಳು.

"ನೋಡಪ್ಪ, ನನ್ನ ಎರಡು ಒಳ್ಳೆ ಲೋಟ ಕಾಣಿಸ್ತಾ ಇಲ್ಲ. ನೀಲಿ ಹೂವಿಂದು. ಈ ಊರಿನ ನರಿಗಳು ಟೀ ಕುಡಿಯೋದು ಕಲಿತಿರ್ಬೇಕು!" ಎಂದು ಬೈದುಕೊಳ್ಳುತ್ತ ಹೋದಳು.

ತಿರೇಲೊ ಶೆಡ್ಡಿಗೆ ನುಗ್ಗಿದ. ಮಾವನ ಡಬ್ಬ ಅಲ್ಲೇ ಇತ್ತು, ಮೇಲೆ ದೊಡ್ಡದಾಗಿ ಇಪ್ಪತ್ತು-ಐವತ್ತು. ಈ ಚಳಿಯಲ್ಲಿ ಗಟ್ಟಿ ಜೇನಿನಂತಾಗಿರುವ ಆಯಿಲ್ ಇಳಿಯಲು ಬಹಳ ಹೊತ್ತು ಬೇಕು ಎಂದು ಅವನು ಮೊದಲೇ ಲೆಕ್ಕ ಹಾಕಿದ್ದ. ಕುಕ್ಕರುಗಾಲಲ್ಲಿ ಆರಾಮಾಗಿ ಕೂತು, ಮುಚ್ಚಳ ತೆಗೆದು, ಡಬ್ಬವನ್ನು ಪೂರ್ತಿ ಬಗ್ಗಿಸಿದ. ಆಯಿಲ್ ಸೋಸಿದ ಟೀಯಂತೆ ಭರ್ರನೆ ನುಗ್ಗಿ ಖಾಲಿ ಡಬ್ಬದ ಬಾಯಿ ತಪ್ಪಿಸಿ ಅವನ ಎಡಗಾಲಿನ ಕ್ಯಾನ್ವಾಸ್ ಶೂ ಮೇಲೆ ಬಿತ್ತು.

ಅವನು ಡಬ್ಬ ಎತ್ತಿ ನಿಲ್ಲಿಸಿ ಬೆರಳಿಗೆ ಹಚ್ಚಿಕೊಂಡು ನೋಡಿದ. ತೆಳು. ಇಷ್ಟು ಚಳಿಯಲ್ಲಿ ಗಟ್ಟಿ ಆಯಿಲ್ ಹೀಗೆ ಹರಿಯಲು ಸಾಧ್ಯವೇ ಇರಲಿಲ್ಲ. ಸುತ್ತ ಕಣ್ಣಾಡಿಸಿದ. ಮೇವಿನ ಚೀಲದ ಹಿಂದೆ ಇನ್ನೊಂದು ಡಬ್ಬ ಅಡಗಿ ಕೂತಿತ್ತು, ಖಾಲಿ, ಮೇಲೆ ಐದು-ಮೂವತ್ತು. ಹೊರಗೆ ಓಡಿ ಕೋಳಿಗೂಡಿನ ಹತ್ತಿರ ಹೋದ. ತಗಡಿನ ಮೇಲೆ, ಕೆಳಗಿನಿಂದ ಕಾಣದ ಮೂಲೆಯಲ್ಲಿ, ನೀಲಿ ಹೂವಿನ ಎರಡು ಲೋಟಗಳಿದ್ದವು. ಒಂದನ್ನು ಬಗ್ಗಿಸಿದರೆ ಆಯಿಲ್ ತಟಕ್ಕನೆ ಅಂಚಿಗೆ ಬಂತು. ಇನ್ನೊಂದರಲ್ಲಿದ್ದದ್ದು ನಿದ್ದೆಗಣ್ಣಿನಲ್ಲಿ ಅರ್ಧ ದಾರಿ ಬಂದು ಅಲ್ಲೇ ಕೂತಿತು.

ಅಂದರೆ ಮಾವ, ಇಡೀ ಊರಿನ ಎದುರು ಸೋಲು ಒಪ್ಪದ ಮಾವ, ಕದ್ದು ಅಂಗಡಿಗೆ ಹೋಗಿ ತೆಳು ಆಯಿಲ್ ತಂದು, ಕದ್ದು ಪರೀಕ್ಷೆ ಮಾಡಿದ್ದ. ಅಳಿಯನ ಮಾತು ನಿಜವೆಂದು ಗೊತ್ತಾದ ಮೇಲೆ ತನ್ನ ಡಬ್ಬದ ಗಟ್ಟಿ ಆಯಿಲ್ ಖಾಲಿ ಮಾಡಿ, ಕದ್ದು ತೆಳುವನ್ನು ಅದಕ್ಕೆ ತುಂಬಿಸಿದ್ದ. ತಿರೇಲೊ ಕೋಳಿಗೂಡಿಗೆ ಒರಗಿ ನಗತೊಡಗಿದ. ನಗುತ್ತ ನಗುತ್ತ ಕಣ್ಣು ತುಂಬಿತು. ಆ ಮುದುಕನ ಮೇಲೆ ಅವನಿಗೆ ಯಾವತ್ತೂ ಇಷ್ಟು ಪ್ರೀತಿ ಬಂದಿರಲಿಲ್ಲ. ಲೋಟಗಳನ್ನು ಇದ್ದಲ್ಲೇ ಇಟ್ಟ, ಚೆಲ್ಲಿದಷ್ಟನ್ನು ತನ್ನ ಡಬ್ಬದಿಂದ ತುಂಬಿಸಿದ, ಎಲ್ಲವನ್ನೂ ಹಿಂದಿನಂತೆಯೇ ಜೋಡಿಸಿ ಬೇಲಿ ಹಾರಿ ಓಡಿದ.

ಶುಕ್ರವಾರ ಮಧ್ಯಾಹ್ನ ಹಳೆಯ ಆಯಿಲ್ ಇಳಿಸಿ, ಬಾನೆಟ್ ಎತ್ತಿ, ತಿರೇಲೊ ಮಾವನ ಎದುರು ತಲೆ ತಗ್ಗಿಸಿ ನಿಂತ. "ಸುರೀರಿ ಮಾವ. ನಿಮ್ಮ ಡಬ್ಬ, ನಿಮ್ಮ ಕೈ."

ಇಷ್ಟು ಸುಲಭವಾಗಿ ಗೆಲ್ಲುತ್ತೇನೆಂದು ಮಾವ ಎಣಿಸಿರಲಿಲ್ಲ. ಒಂದು ಕ್ಷಣ ಕಕ್ಕಾಬಿಕ್ಕಿಯಾದ. ಆಮೇಲೆ ಕೋಟಿನ ಎರಡೂ ಅಂಚುಗಳನ್ನು ಅಗಲಿಸಿ, ಇಡೀ ಬೆನ್ನನ್ನು ನೋಡಲು ಸೇರಿದ್ದ ಜನರ ಕಡೆ ತಿರುಗಿಸಿ, ಡಬ್ಬ ಬಗ್ಗಿಸುತ್ತ ಭಾಷಣ ಶುರು ಮಾಡಿದ. ಮುತ್ತಜ್ಜನ ದನಗಳಿಂದ ಹಿಡಿದು ಅಜ್ಜನ ಎತ್ತಿನ ಗಾಡಿಯವರೆಗೆ ಯಾರನ್ನೂ ಬಿಡಲಿಲ್ಲ. ಅತ್ತೆ ಮಾತ್ರ ಭಾಷಣ ಕೇಳದೆ ಕತ್ತು ಉದ್ದ ಮಾಡಿ ಮುಂದೆ ಬಂದಳು. ತಿರೇಲೊ ತಟ್ಟನೆ ಅವಳ ಹೆಗಲಿನ ಕಂಬಳಿಯನ್ನೇ ಎಳೆದು ಅಡ್ಡ ಹಿಡಿದ.

"ಏನೋ ಇದು, ನನ್ನ ಕಂಬಳಿ!"

"ಧೂಳು ಬೀಳತ್ತೆ ಅತ್ತೆ, ಧೂಳು!"

"ಗಾಳೀನೇ ಇಲ್ವಲ್ಲೋ!" ಅವಳು ಕಂಬಳಿಯ ಕೆಳಗಿನಿಂದ ತಲೆ ತೂರಿಸಿದಳು. "ಅಯ್ಯೋ, ಇದೇನ್ರೀ, ಡಬ್ಬ ಆಗಲೇ ಖಾಲಿ? ಗಟ್ಟಿ ಆಯಿಲ್ ಇಷ್ಟು ಬೇಗ ಇಳೀತಾ?"

"ಬಿಸಿಲಿಗೆ!" ಎಂದರು ಮಾವ ಅಳಿಯ ಇಬ್ಬರೂ ಒಂದೇ ಉಸಿರಿಗೆ.

ಮಾವ ತಿರುಗಿ ಅಳಿಯನನ್ನು ನೋಡಿದ. ಅವನ ಕಣ್ಣು ನಿಧಾನವಾಗಿ ಕೆಳಗಿಳಿದು ಎಡಗಾಲಿನ ಶೂ ಮೇಲೆ, ಅದರ ಮೇಲಿನ ಅಗಲವಾದ ಆಯಿಲ್ ಕಲೆಯ ಮೇಲೆ ನಿಂತಿತು. ತಿರೇಲೊ ಆ ಕಾಲನ್ನು ಇನ್ನೊಂದು ಕಾಲಿನ ಹಿಂದೆ ಬಚ್ಚಿಟ್ಟ. ಮಾವನ ಮೀಸೆಯ ಕೆಳಗೆ ಏನೋ ಅಲುಗಿತು. ಗಂಟಲು ಸರಿಮಾಡಿಕೊಂಡು ಮುತ್ತಜ್ಜನ ದನಗಳಿಗೇ ವಾಪಸ್ ಹೋದ.

ಶನಿವಾರ ಬೆಳಗಿನ ಜಾವ ಬಕೆಟ್ಟಿನ ನೀರು ನಿಜವಾಗಿಯೂ ಕಲ್ಲಾಗಿತ್ತು. ಕೋಟಿನವರೂ ಕಂಬಳಿಯವರೂ ಪಿಕಪ್ಪಿನಲ್ಲಿ ತುಂಬಿಕೊಂಡರು. ಮಾವ ಕೀಲಿ ತಿರುಗಿಸಿದ. ಇಂಜಿನ್ ಒಂದೇ ಸಲಕ್ಕೆ ಎದ್ದು, ಚೂರೂ ಗೊಣಗದೆ ಗುಂಯ್ ಎಂದಿತು. ಮಾವ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ.

"ಏನಂದಿದ್ದೆ ನಾನು? ಗಟ್ಟಿ ಆಯಿಲ್!"

"ಗಟ್ಟಿ ಆಯಿಲ್ಲೇ ಮಾವ!" ಎಂದು ತಿರೇಲೊ ಊರೆಲ್ಲ ಕೇಳುವಂತೆ ಕೂಗಿದ.

ಹಿಂದಿನ ಕೆಂಪು ದೀಪಗಳು ಮರೆಯಾದ ಮೇಲೆ ಅವನಿಗೆ ಮಾಡಲು ಏನೂ ಉಳಿಯಲಿಲ್ಲ. ಮೇಕೆಗಳ ನಡುವೆ ಕೂತು ಮೂಡಣದ ಕಡೆಯೇ ನೋಡಿದ. ಬಾನು ಬೂದಿಯಾಯಿತು, ಕೆಂಪಾಯಿತು. "ಸ್ವಲ್ಪ ತಡಿಯಪ್ಪ, ಸ್ವಲ್ಪ," ಎಂದು ಸೂರ್ಯನನ್ನೇ ಅಂಗಲಾಚಿದ. ಸೂರ್ಯ ಯಾರಿಗೂ ತಡೆಯುವವನಲ್ಲ. ಬಿಸಿಲು ಮೇಕೆಗಳ ಬೆನ್ನಿಗೆ ಬಂದು ಎಷ್ಟೋ ಹೊತ್ತಾದ ಮೇಲೆ ಫೋನು ಹೊಡೆದುಕೊಂಡಿತು.

ಒರಾತಿಲೆ. ಹೆಂಗಸರು ನಾಲಿಗೆ ಹೊರಳಿಸಿ ಹಾಕುವ ಸಂಭ್ರಮದ ಕೂಗು ಹಿಂದಿನಿಂದ ಕಿವಿ ಗಡಚಿಕ್ಕುತ್ತಿತ್ತು, ಅವಳು ಒಳಮನೆಯಿಂದ ಪಿಸುಗುಟ್ಟುತ್ತಿದ್ದಳು.

"ಬೇಲಿ ಹತ್ರ ಕೂತಾಗ ನಕ್ಷತ್ರ ಇನ್ನೂ ಇತ್ತಂತೆ ಕಣೋ! ಒಪ್ಪಿದ್ರು, ಎಲ್ಲಾರೂ ಒಪ್ಪಿದ್ರು!"

ತಿರೇಲೊ ಹತ್ತಿರವಿದ್ದ ಮೇಕೆಯೊಂದನ್ನು ತಬ್ಬಿಕೊಂಡ.

"ಇನ್ನೊಂದು ಕೇಳು. ನಮ್ಮ ಮಾವ ಕೇಳಿದ್ರು, 'ನಿಮ್ಮ ಹುಡುಗ ಎಂಥವನು?' ಅಂತ. ನಾನು ಬಾಗಿಲ ಹಿಂದೆ ಉಸಿರು ಹಿಡ್ಕೊಂಡಿದ್ದೆ. ನಿಮ್ಮ ಮಾವ ಹ್ಯಾಟು ತೆಗೆದು ನೆಲದ ಮೇಲಿಟ್ರು. 'ನಾನು ಹಠಮಾರಿ,' ಅಂದ್ರು. 'ಗಾಡಿಗೆ ತಪ್ಪು ಆಯಿಲ್ ತಗೊಂಡು ಹೋಗಿದ್ದೆ. ಸರಿಯಾದ್ದು ಯಾವುದು ಅಂತ ನನ್ನ ಅಳಿಯಂಗೆ ಗೊತ್ತಿತ್ತು. ಅವನು ಹೇಳಿದ್ದನ್ನ ಹಾಕಿದ್ದಕ್ಕೇ ಈ ಹಿಮದಲ್ಲಿ ನಿಮ್ಮ ಬಾಗಿಲಿಗೆ ಬಂದು ಮುಟ್ಟಿದೀವಿ. ಅಷ್ಟು ಗೊತ್ತಿದ್ರೂ ಹತ್ತು ಜನರ ಮುಂದೆ ನನ್ನ ಮಾನ ಕಳೀಲಿಲ್ಲ ಅವನು. ನಿಮ್ಮ ಹುಡುಗೀನೂ ಹಾಗೇ ನೋಡ್ಕೋತಾನೆ,' ಅಂದ್ರು. ನಮ್ಮಜ್ಜಿ ಅತ್ತೇಬಿಟ್ಲು."

ಅತ್ತದ್ದು ಅಜ್ಜಿಯೊಬ್ಬಳೇ ಅಲ್ಲ. ತಿರೇಲೊ ಮೇಕೆಯ ಕುತ್ತಿಗೆಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತ. ಸಾಯುವವರೆಗೂ ತಾನೇ ಸರಿ ಎನ್ನುವ ಮನುಷ್ಯ, ಗುರುತಿಲ್ಲದವರ ಅಂಗಳದ ಮಣ್ಣಿನಲ್ಲಿ ಕೂತು, ಅವನಿಗೋಸ್ಕರ ತಾನು ತಪ್ಪು ಎಂದಿದ್ದ.

ಮಧ್ಯಾಹ್ನ ಪಿಕಪ್ ಹಾರನ್ ಬಾರಿಸುತ್ತ ಅಂಗಳಕ್ಕೆ ಬಂತು. ಅವ್ವ ಕುಣಿದಳು, ಬೇಲಿಯಾಚೆಯವರೂ ಕುಣಿದರು. ತಿರೇಲೊ ಓಡಿಹೋಗಿ ಮಾವನನ್ನು ಬಾಚಿ ತಬ್ಬಿದ.

"ಮಾವ, ಅಲ್ಲಿ ನೀವು..."

"ಶ್!" ಮಾವ ಅವನ ಕಿವಿ ಹಿಡಿದು ಹತ್ತಿರ ಎಳೆದ. "ಅಲ್ಲಿ ಹೇಳಿದ್ದು ಅಲ್ಲಿಗೆ. ಇಲ್ಲಿ ಯಾರಾದ್ರೂ ಕೇಳಿದ್ರೆ ಯಾವ ಆಯಿಲ್?"

"ಗಟ್ಟಿ ಆಯಿಲ್ ಮಾವ."

"ಎಷ್ಟು ಗಟ್ಟಿ?"

"ಅದಕ್ಕಿಂತ ಗಟ್ಟಿದು ಅಂಗಡೀಲಿ ಇರ್ಲಿಲ್ಲ," ಎಂದ ತಿರೇಲೊ. ಮಾವ ಹ್ಯಾಟನ್ನು ತೆಗೆದು ಅಳಿಯನ ತಲೆಯ ಮೇಲಿಟ್ಟ.