ಮೂಲೆಯ ಗಂಟೆ

ಹಳೆಯ ಕೋಡ್ ಅಳಿಸುವುದೆಂದರೆ ನನಗೆ ಎಲ್ಲಿಲ್ಲದ ಹುರುಪು. ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಆ್ಯಪ್‌ಗಳ ಪುಟ್ಟ ಐಕಾನ್‌ಗಳು ಕೂರುತ್ತವಲ್ಲ, ಅವುಗಳ ಹಳೆಯ ಪದ್ಧತಿಯನ್ನು ಕಿತ್ತೆಸೆಯುವ ಕೆಲಸ ಕೊನೆಗೂ ನನ್ನ ಪಾಲಿಗೆ ಬಂದಿತ್ತು. ಹೊಸ ಪದ್ಧತಿ ಬಂದು ಎಷ್ಟೋ ಕಾಲವಾದರೂ ಇದು ಮಾತ್ರ ಕರೆಯದೆ ಬಂದ ನೆಂಟನ ಹಾಗೆ ಠಿಕಾಣಿ ಹೂಡಿತ್ತು.

ನಮ್ಮ ತಂಡದಲ್ಲೊಂದು ಕಟ್ಟುಪಾಡಿದೆ: ಏನನ್ನೇ ತೆಗೆದರೂ ಮೊದಲು ತೆಗೆದವರ ಮನೆಯವರೇ ಬಳಸಿ ನೋಡಬೇಕು. ಹಾಗಾಗಿ ಒಂದು ಬೆಳಿಗ್ಗೆ ಅಕ್ಕನ ಕಂಪ್ಯೂಟರಿಗೆ ಹಳೆಯದನ್ನು ಕಿತ್ತ ಹೊಸ ಆವೃತ್ತಿಯನ್ನು ಹಾಕಿ, ಬೀಗುತ್ತಾ ಆಫೀಸಿಗೆ ಬಂದೆ.

ಅಕ್ಕ ನಾಟಕದ ಉಡುಪುಗಳ ವಿನ್ಯಾಸ ಮಾಡುವವಳು. ಅವಳಿಗೆ ಕಿವಿ ಕೇಳಿಸದು. ತುಟಿ ನೋಡಿ ಮಾತು ಹಿಡಿಯುತ್ತಾಳೆ. ಯಾರಾದರೂ ಬಾಗಿಲ ಗಂಟೆ ಒತ್ತಿದರೆ ಪರದೆಯ ಮೂಲೆಯಲ್ಲೊಂದು ಐಕಾನ್ ಕೆಂಪಾಗುತ್ತದೆ. ಆ ಐಕಾನ್ ಹಳೆಯ ಪದ್ಧತಿಯದೇ! ಆಫೀಸಿನಲ್ಲಿ ಊಟಕ್ಕೆ ಕೂತಾಗ ನನಗಿದು ಹೊಳೆಯಿತು. ಅವತ್ತೇ ನಾಟಕ ತಂಡದ ಯಜಮಾನಿ ಅಕ್ಕನ ಚಿತ್ರಗಳನ್ನು ನೋಡಲು ಬರುವವರಿದ್ದರು. ಒಪ್ಪಿದರೆ ಇಡೀ ನಾಟಕದ ಉಡುಪು ಅಕ್ಕನದು. ಮೆಸೇಜ್ ಕಳಿಸಿದೆ, ಕೆಲಸಕ್ಕೆ ಕೂತರೆ ಅವಳೆಲ್ಲಿ ಫೋನ್ ನೋಡುತ್ತಾಳೆ!

ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದೆ. ಯಜಮಾನಿ ಮುಖ ಗಂಟಿಕ್ಕಿಕೊಂಡು ಮೆಟ್ಟಿಲಿಳಿಯುತ್ತಿದ್ದರು.

"ಎಷ್ಟು ಸಲ ಒತ್ತೋದಮ್ಮ? ಬರೋಕೆ ಹೇಳಿ ಬಾಗಿಲೇ ತೆಗೆಯಲ್ಲ ಅಂದ್ರೆ!"

"ತಪ್ಪು ನಂದು ಮೇಡಂ. ಅಕ್ಕಂಗೆ ಕೇಳ್ಸಲ್ಲ, ಗಂಟೆ ತೋರ್ಸೋದನ್ನ ನಾನೇ ಕೆಡಿಸಿಟ್ಟೆ."

"ಈಗ ಹೊತ್ತಾಯ್ತು. ಸಂಜೆ ಬರ್ತೀನಿ."

ಒಳಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಬೈದಳು, ಚೆನ್ನಾಗಿಯೇ ಬೈದಳು.

"ಹಳೇದನ್ನೇ ಹಾಕ್ಕೊಡ್ಲಾ? ಇಲ್ಲಾ ಸಂಜೆ ನಾನೇ ಬಾಗಿಲ ಹತ್ರ ನಿಂತಿರ್ಲಾ?"

"ಎರಡೂ ಬೇಡ. ನನ್ ಬಾಗಿಲು ನಾನೇ ತೆಗೀತೀನಿ. ಆದ್ರೆ ಬಣ್ಣ ಹಾಕುವಾಗ್ಲೂ, ಜನರ ಜೊತೆ ಮಾತಾಡುವಾಗ್ಲೂ ಒಂದು ಕಣ್ಣು ಆ ಮೂಲೆಗೇ ಇಟ್ಟು ಸಾಕಾಗಿದೆ ಕಣೇ. ದೊಡ್ಡದಾಗಿ ಏನಾದ್ರೂ ಮಾಡು."

ಇಷ್ಟು ಕಾಲ ಒಂದೇ ಮನೆಯಲ್ಲಿದ್ದೂ ನನಗಿದು ಗೊತ್ತಿರಲಿಲ್ಲ. ನಾಚಿಕೆಯೂ ಆಯಿತು, ಕೈಯೂ ತುರಿಸಿತು. ಕೂತೆ, ಬರೆದೆ, ಕೆಟ್ಟಿತು, ಮತ್ತೆ ಬರೆದೆ.

ಸಂಜೆ ಪರದೆಯಿಡೀ ಕೆಂಪಗೆ ಹೊಳೆಯಿತು. ನಾನು ಕುರ್ಚಿಯ ತುದಿಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆ. ಅಕ್ಕ ಚಂಗನೆ ಎದ್ದು ಹೋಗಿ ಬಾಗಿಲು ತೆಗೆದಳು. ಯಜಮಾನಿಯ ಬೆರಳು ಇನ್ನೂ ಗಂಟೆಯ ಮೇಲೇ ಇತ್ತು.

ಚಿತ್ರಗಳನ್ನು ಹರಡಿಕೊಂಡು ಇಬ್ಬರೂ ಎದುರುಬದುರು ಕೂತರು. ಅಕ್ಕ ಒಮ್ಮೆಯೂ ಪರದೆಯತ್ತ ತಿರುಗಲಿಲ್ಲ. ಯಜಮಾನಿಯ ಮುಖದಿಂದ ಕಣ್ಣು ಕೀಳಲಿಲ್ಲ. ಕೊನೆಗೆ ಯಜಮಾನಿ ಮೆಲ್ಲಗೆ ಏನೋ ಅಂದರು. ನನಗೆ ಕೇಳಿಸಲೇ ಇಲ್ಲ.

"ಕೆಲಸ ನಂದೇ ಅಂತೆ ಕಣೇ!" ಎಂದು ಕೂಗಿದವಳು ಅಕ್ಕ.