ಎರಡನೆಯ ಹಾಡಿನ ಹೆಜ್ಜೆ

ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ ಆಫೀಸುಗಳಲ್ಲಿ ಟಾಯ್ಲೆಟ್ ತೊಳೆದು ತೊಳೆದು ಚಿನ್ಮಯಿಯ ಬೆರಳುಗಳು ಸುಲಿದುಹೋಗಿದ್ದವು. ಸಾರು ತಗುಲಿದರೆ ಉರಿಯುತ್ತದೆಂದು ಚಮಚದಲ್ಲಿ ಉಣ್ಣುತ್ತಿದ್ದಳು. ಊರಂಚಿನ ವೆರಿಬೀಯಲ್ಲಿ ನಮ್ಮಿಬ್ಬರಿಗೂ ಒಂದೇ ಕೋಣೆ. ನಾನು ವೃದ್ಧಾಶ್ರಮದಲ್ಲಿ ಮುದುಕರ ಮೈ ಒರೆಸುತ್ತಿದ್ದೆ. ಇಬ್ಬರೂ ಓದಲೆಂದು ಬಂದವರೇ.

ಅವಳಿಗಿದ್ದದ್ದು ಒಂದೇ ಆಸೆ, ಕುಣಿದು ಬದುಕಬೇಕು. ತರೀಕೆರೆ ಕಡೆಯ ವೀರಗಾಸೆ ಕಲ್ಲಯ್ಯನ ಮಗಳು ಅವಳು. ಕೊರಿಯಾದ ಗಾಯಕಿ ಸೋರಿನ್‌ಳ ಮೊದಲ ಹಾಡು ಊರೂರನ್ನೇ ಕುಣಿಸಿದಾಗ ನಮ್ಮ ಕೋಣೆಯೂ ಕುಣಿದಿತ್ತು. ಎರಡನೆಯ ಹಾಡಿಗೆ ಇಲ್ಲಿಂದ ಡ್ಯಾನ್ಸರ್‌ಗಳು ಬೇಕೆಂದು ಸಂಪತ್ ಎಂಬ ಏಜೆಂಟ್ ಕರೆದ. ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಆಡಿಷನ್. ರಜೆ ಸಿಗಲಿಲ್ಲ. ಶಿಫ್ಟ್ ಬಿಟ್ಟು ಬಸ್ ಹತ್ತಿದಳು.

ಅಲ್ಲಿ ಷರತ್ತು ಒಂದೇ. ಹಳೆಯ ಹಾಡಿನ ಹೆಜ್ಜೆ ಬೇಡ, ನಿಮ್ಮದೇ ಹೆಜ್ಜೆ ತನ್ನಿ. ಬಂದವರನ್ನೆಲ್ಲ ಕುಣಿಸಿ ಕ್ಯಾಮೆರಾದಲ್ಲಿ ಹಿಡಿದುಕೊಂಡರು. ಕಾಲ್ ಮಾಡ್ತೀವಿ ಅಂದರು. ಮಾಡಲಿಲ್ಲ.

ಹಾಡು ಬಂದ ದಿನ ಅಡುಗೆಮನೆಯಲ್ಲೇ ನಿಂತು ಫೋನಿನಲ್ಲಿ ನೋಡಿದೆವು. ಸೋರಿನ್ ಬಗ್ಗಿ ನೆಲ ಮುಟ್ಟಿದಳು. ಆ ಕೈಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಕತ್ತಿ ಬೀಸುವ ಹಾಗೆ ತೋಳು ತಿರುಗಿಸಿ ಹೆಜ್ಜೆ ಹಾಕಿದಳು. ಹಿಂದಿನವರೂ ಸಾಲಾಗಿ ಹಾಗೆಯೇ ಮಾಡಿದರು.

"ಅದು ಸ್ಟೆಪ್ ಅಲ್ಲ ಕಣೇ ಅಮೂಲ್ಯಾ," ಅಂದಳು ಚಿನ್ಮಯಿ. "ಕುಣಿಯೋಕ್ ಮುಂಚೆ ನೆಲಕ್ಕೆ ನಮಸ್ಕಾರ ಮಾಡ್ತೀವಲ್ಲ, ಅದು. ನಾನಿನ್ನೂ ಶುರುನೇ ಮಾಡಿರ್ಲಿಲ್ಲ. ಕ್ಯಾಮೆರಾ ಆನ್ ಇತ್ತು."

ಕಳ್ಳರಿಗೆ ಎಲ್ಲಿಂದ ಕದಿಯಬೇಕು ಎಂಬುದೂ ತಿಳಿದಿರಲಿಲ್ಲ. ಹೆಜ್ಜೆಯ ಜೊತೆಗೆ ನಮಸ್ಕಾರವನ್ನೂ ಬಾಚಿಕೊಂಡು ಹೋಗಿದ್ದರು. ನನಗೆ ಮೈಯೆಲ್ಲ ಉರಿಯಿತು. ಅವಳು ಅಳಲಿಲ್ಲ, ಬೈಯಲಿಲ್ಲ. ಕುಕ್ಕರ್ ಆರಿಸಿದಳು. "ಏನೂ ಅನ್ನಿಸ್ತಾನೇ ಇಲ್ವಲ್ಲೇ," ಅಂದಳು.

ಮರುವಾರ ಸಂಪತ್ ಫೋನ್ ಮಾಡಿದ. ಸ್ಪೀಕರ್ ಹಾಕಿಸಿದೆ.

"ಡಾಕ್‌ಲ್ಯಾಂಡ್ಸ್‌ನಲ್ಲಿ ಸೋರಿನ್ ಪ್ರಮೋಷನ್ ಇದೆಮ್ಮ. ಆಡಿಷನ್‌ಗೆ ಬಂದ ಮೆಲ್ಬರ್ನ್‌ನವರೆಲ್ಲ ಸ್ಟೇಜ್ ಮುಂದೆ ಡ್ಯಾನ್ಸ್ ಮಾಡ್ಬೇಕು. ವಾಲಂಟಿಯರ್ ಆಗಿ. ಟೀ ಶರ್ಟ್ ಕೊಡ್ತೀವಿ."

"ಸರ್, ಆ ಸ್ಟೆಪ್ ನಂದು."

"ಆಡಿಷನ್‌ನಲ್ಲಿ ಮಾಡಿದ್ದೆಲ್ಲ ಕಂಪನಿದು, ಸೈನ್ ಮಾಡಿದ್ದೀಯ. ಒಳ್ಳೇದೇ ಆಯ್ತಲ್ಲ, ನಿಂಗೆ ಪ್ರಾಕ್ಟೀಸೇ ಬೇಡ! ಸುಮ್ನೆ ಬಂದು ಮಾಡು, ಮೂರನೇ ಹಾಡಿಗೆ ನಾನೇ ನಿನ್ನ ಹೆಸರು ಹೇಳ್ತೀನಿ. ಗಲಾಟೆ ಮಾಡಿದ್ರೆ ಈ ದೇಶದಲ್ಲಿ ಯಾರೂ ನಿನ್ನ ಸ್ಟೇಜ್ ಹತ್ತಿಸಲ್ಲ."

"ಬರ್ತೀನಿ ಸರ್."

ಫೋನಿಟ್ಟ ಮೇಲೆ ಬಾಯಿಗೆ ಬಂದಂತೆ ಬೈದೆ. "ಮಾನ ಮರ್ಯಾದೆ ಇಲ್ವೇನೇ ನಿಂಗೆ?" ಅವಳು ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದಳು.

ಆ ದಿನ ನಾನೂ ಹೋದೆ. ಟೀ ಶರ್ಟ್ ಹಾಕಿಕೊಳ್ಳುವಾಗ ಚಿನ್ಮಯಿ ಪಕ್ಕದ ವಿಯೆಟ್ನಾಂ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಿದಳು, "ಶುರುವಿನದು ನನ್ನದು." ಆ ಹುಡುಗಿ ಗಕ್ಕನೆ ತಿರುಗಿದಳು. "ನಡುವೆ ಭುಜ ಕುಣಿಸೋದು ನಂದು!" ಪಂಜಾಬಿ ಹುಡುಗನೊಬ್ಬ ಹಿಂದಿಯಲ್ಲಿ ಕೇಳಿದ, "ಹಾಗಾದ್ರೆ ನನ್ನ ನೆಗೆತದ ಜೊತೆ ನಿಮ್ಮದೂ ಕಳುವಾಗಿದೆಯಾ?" ಪ್ರತಿಯೊಬ್ಬರೂ ತಮ್ಮದೊಂದೇ ಹೋಯಿತೆಂದು ಬಾಯಿ ಮುಚ್ಚಿಕೊಂಡಿದ್ದರು. ಇಡೀ ಹಾಡನ್ನು ಇವರಿಂದಲೇ ಹೊಲಿದಿದ್ದರು.

ಹಾಡು ಶುರುವಾಯಿತು. ಸ್ಟೇಜಿನ ಮೇಲೆ ಸೋರಿನ್ ಬಗ್ಗಿ ನೆಲ ಮುಟ್ಟಿದಳು. ಕೆಳಗೆ ಒಬ್ಬರೂ ಬಗ್ಗಲಿಲ್ಲ. ಕೈ ಇಳಿಬಿಟ್ಟು ನಿಂತೇ ಇದ್ದರು. ಕ್ಯಾಮೆರಾಗಳು ಆ ಸಾಲಿನ ಮೇಲೆ ಓಡಾಡಿ ಮತ್ತೆ ಹಿಂದಕ್ಕೆ ಬಂದವು.

ಸಂಪತ್ ಬೆವರುತ್ತ ಓಡಿಬಂದ. "ಏನಮ್ಮಾ ಇದು? ಡ್ಯಾನ್ಸ್ ಮಾಡ್ರೋ!"

"ವಾಲಂಟಿಯರ್ ಅಲ್ವಾ ಸರ್," ಅಂದಳು ಚಿನ್ಮಯಿ. "ಮನಸ್ಸಿಲ್ಲ."

"ಮೂರನೇ ಹಾಡು ಮರೆತುಬಿಡು ನೀನು!"

ಅವಳ ದನಿ ಏರಲಿಲ್ಲ, ಇಳಿಯಲಿಲ್ಲ.

"ಅದಕ್ಕೆ ಹೆಜ್ಜೆ ಎಲ್ಲಿಂದ ತರ್ತೀರ ಸರ್?"